ಅಮ್ಮನ ಕಫ ಮತ್ತೆ ಹಸಿರಾಗಿದೆ, ಪ್ರತಿ ಸಲ ಹೊಸ ಮಾತ್ರೆ. ಕಫ ಕಲ್ಚರ್ (ಕಫದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದವರು ಇದ್ದೀರಾ?

ಪೆರ್ಲದ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡದ ಬದಿಯಲ್ಲಿ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಅಮ್ಮನಿಗೆ ಈಗ 64. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಟಿ.ಬಿ. ಆಗಿತ್ತು. ಮದ್ದು ಒಂದು ದಿನವೂ ತಪ್ಪಿಸಲಿಲ್ಲ, ವಾಸಿಯಾಯಿತು. ಕೆಮ್ಮು ಮಾತ್ರ ಹೋಗಲಿಲ್ಲ. ಬೀಡಿ ಕಟ್ಟುತ್ತಾ ಕೆಮ್ಮುತ್ತಿದ್ದರು, ಬಚ್ಚಲ ಒಲೆ ಊದುತ್ತಾ ಕೆಮ್ಮುತ್ತಿದ್ದರು. ಶಾಲೆ ಬಿಟ್ಟು ಬರುವಾಗ ತೋಟದ ಕೆಳಗಿನಿಂದಲೇ ಕೆಮ್ಮು ಕೇಳಿಸುತ್ತಿತ್ತು. ಅಮ್ಮ ಮನೆಯಲ್ಲಿದ್ದಾರೆ ಎಂದು ನಮಗೆ ಗೊತ್ತಾಗುತ್ತಿದ್ದದ್ದೇ ಹಾಗೆ.

2019ರಲ್ಲಿ ಮಂಗಳೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಆಗ ಕಾಯಿಲೆಗೆ ಹೆಸರು ಸಿಕ್ಕಿತು, ಬ್ರಾಂಕಿಯೆಕ್ಟಾಸಿಸ್. ಎಡ ಶ್ವಾಸಕೋಶದ ಕೆಳಭಾಗದಲ್ಲಿ ಗಾಳಿಯ ನಳಿಗೆಗಳು ಹಿಗ್ಗಿ ಸಡಿಲವಾಗಿವೆ, ಹಳೇ ಟಿ.ಬಿ.ಯ ಗಾಯದಿಂದ ಹೀಗಾಗಿದೆ, ಇನ್ನು ಅವು ಮೊದಲಿನಂತಾಗುವುದಿಲ್ಲ ಎಂದರು. ಒಂದು ಇನ್ಹೇಲರ್ ಕೊಟ್ಟರು. ನಾಲ್ಕೈದು ವರ್ಷ ಹೇಗೋ ನಡೆಯಿತು.

ಈ ವರ್ಷ ಏಪ್ರಿಲಿನ ಬಿಸು ಹಬ್ಬದಿಂದ ಈಚೆಗೆ ಇದು ಮೂರನೇ ಸಲ. ಕಫ ದಪ್ಪವಾಗುತ್ತದೆ, ಹಳದಿಯಾಗುತ್ತದೆ, ಮತ್ತೆ ಹಸಿರು. ಒಂಥರಾ ವಾಸನೆ. ಮೊದಲ ಸಲ ಹತ್ತಿರದ ಕ್ಲಿನಿಕ್ಕಿನಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆ್ಯಂಟಿಬಯೊಟಿಕ್ ಕೊಟ್ಟರು. ದಿನಕ್ಕೆ ಎರಡು ಎಂದು ಕವರಿನ ಮೇಲೆ ಮಲಯಾಳದಲ್ಲಿ ಬರೆದಿತ್ತು. ಅಮ್ಮ ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ದಿನಕ್ಕೆ ಒಂದರಂತೆ ತೆಗೆದುಕೊಂಡಿದ್ದಾರೆ. ಐದು ದಿನದ ಮಾತ್ರೆ ಹತ್ತು ದಿನ ಬಂತು. ನನಗೆ ಗೊತ್ತಾಗುವಾಗ ಸ್ಟ್ರಿಪ್ ಖಾಲಿಯಾಗಿತ್ತು. ಎರಡನೇ ಸಲ ಅಜಿತ್ರೊಮೈಸಿನ್, ಮೂರು ದಿನ. ಎರಡು ಸಲವೂ ಕಫ ಪರೀಕ್ಷೆ ಮಾಡೋಣ ಎಂದು ಯಾರೂ ಹೇಳಲಿಲ್ಲ. ನನಗೂ ಕೇಳಬೇಕೆಂದು ಹೊಳೆಯಲಿಲ್ಲ.

ಈಗ ಆಟಿ ತಿಂಗಳ ಮಳೆ ಹಿಡಿದುಕೊಂಡಿದೆ. ನಾಲ್ಕು ದಿನದಿಂದ ಮತ್ತೆ ಹಸಿರು. ಬೆಳಗ್ಗೆ ಒಂದು ಸಣ್ಣ ಲೋಟದಷ್ಟು ಬರುತ್ತದೆ, ಮೊದಲಿನ ಎರಡರಷ್ಟು. ಬಚ್ಚಲಿನಿಂದ ಅಡುಗೆಮನೆಗೆ ಮೂರು ಮೆಟ್ಟಿಲು ಹತ್ತಿ ಕೂತುಕೊಳ್ಳುತ್ತಾರೆ. ಜ್ವರ ಹೇಳಿಕೊಳ್ಳುವಷ್ಟಿಲ್ಲ. ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕ 94 ತೋರಿಸುತ್ತದೆ. ಗಂಜಿ ಕುಡಿಯುತ್ತಾರೆ, ಮಾತಾಡುತ್ತಾರೆ.

ನಿನ್ನೆ ಸಂಜೆ ಅಣ್ಣ ಒಂದು ಮೆಡಿಕಲ್‌ನಿಂದ ಲೀವೋಫ್ಲಾಕ್ಸಾಸಿನ್ ಎಂಬ ಇನ್ನೊಂದು ಆ್ಯಂಟಿಬಯೊಟಿಕ್ ತಂದಿದ್ದಾನೆ. ಪಕ್ಕದ ಮನೆಯವರ ಚೀಟಿ ತೋರಿಸಿದನಂತೆ, ಕೊಟ್ಟರಂತೆ. ಅವನದೂ ತಪ್ಪಲ್ಲ, ಅಮ್ಮನನ್ನು ಹಾಗೆ ನೋಡಲಾಗದೆ ತಂದದ್ದು. ಸ್ಟ್ರಿಪ್ ಈಗ ನನ್ನ ಮೇಜಿನ ಮೇಲಿದೆ. ಕೊಡಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಅಮ್ಮನಿಗೆ ಕಫದ ಮಾತೆತ್ತಿದರೆ ನಾಚಿಕೆ. ಟಿ.ಬಿ. ಇದ್ದಾಗ ಅವರಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದರು. ಆ ಲೋಟದ ಅಂಚಿನಲ್ಲಿ ಗುರುತಿಗೆಂದು ಮೊಳೆಯಿಂದ ಗೀರು ಹಾಕಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಅಮ್ಮ ಯಾರಿಗೂ ಕಾಣದ ಹಾಗೆ ಉಗುಳಿ, ನೀರು ಹೊಯ್ದು ಬರುತ್ತಾರೆ. ಬಣ್ಣ ಹಸಿರಾಗಿದೆ ಎಂದು ನನಗೆ ಗೊತ್ತಾದದ್ದೇ ಬಾಗಿಲ ಸಂದಿಯಿಂದ ನೋಡಿ.

ನನ್ನ ಪ್ರಶ್ನೆ ಇಷ್ಟು. ಮೂರು ಸಲವೂ ಬಂದದ್ದು ಒಂದೇ ರೋಗಾಣುವಾ, ಬೇರೆ ಬೇರೆಯಾ? ಕಫ ಕಲ್ಚರ್ ಮಾಡಿಸಿದರೆ ಪ್ರಯೋಜನ ಇದೆಯಾ? ಸ್ಯಾಂಪಲ್ ತೆಗೆಯುವುದು ಹೇಗೆ? ಕಾಸರಗೋಡಿಗೋ ಮಂಗಳೂರಿಗೋ ಕೊಂಡೊಯ್ಯುವಷ್ಟರಲ್ಲಿ ಹಾಳಾಗುವುದಿಲ್ಲವಾ? ಮತ್ತೆ, ಅಜಿತ್ರೊಮೈಸಿನ್ ವರ್ಷಗಟ್ಟಲೆ ಕೊಟ್ಟರೆ ಇದು ಬರುವುದೇ ಇಲ್ಲ ಎಂದು ಒಬ್ಬರು ಹೇಳಿದರು. ನಿಜವಾ?

*

ಕುಂಬಳೆಯಿಂದ, ಲ್ಯಾಬಿನಲ್ಲಿದ್ದವನು:

ಟೀಚರೇ, ಮೊದಲು ಮೇಜಿನ ಮೇಲಿನ ಸ್ಟ್ರಿಪ್ಪಿನ ವಿಷಯ. ಅದನ್ನು ಈಗ ಕೊಡಬೇಡಿ. ನಾಳೆ ಬೆಳಗ್ಗೆ ಮೊದಲು ಕಫ ತೆಗೆಯಿರಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ. ಒಂದು ಮಾತ್ರೆ ಹೊಟ್ಟೆಗೆ ಹೋದರೂ ನಮಗೆ ಪ್ಲೇಟಿನಲ್ಲಿ ರೋಗಾಣು ಸರಿಯಾಗಿ ಬೆಳೆಯದೆ ಹೋಗಬಹುದು. ರಿಪೋರ್ಟಿನಲ್ಲಿ ಏನೂ ಬೆಳೆದಿಲ್ಲ ಎಂದು ಬರುತ್ತದೆ, ಎದೆಯೊಳಗೆ ಅದು ಹಾಯಾಗಿ ಇರುತ್ತದೆ. ಆದರೆ ಇವತ್ತು ರಾತ್ರಿಯೇ ಉಸಿರು ಜಾಸ್ತಿ ಕಟ್ಟಿದರೆ, ತುಟಿ ನೀಲಿಯಾದರೆ, ಮಾತು ತೊದಲಿದರೆ, ಮಂಪರು ಬಂದರೆ, ಕಫದಲ್ಲಿ ರಕ್ತ ಬಂದರೆ ಸ್ಯಾಂಪಲ್ಲಿಗೆ ಕಾಯಬೇಡಿ. ಸೀದಾ ಆಸ್ಪತ್ರೆಗೆ ಹೋಗಿ.

ನಾನು 31 ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಫದ ಡಬ್ಬಿಗಳಲ್ಲಿ ಎಷ್ಟೋ ಬರುವುದು ಬರೀ ಉಗುಳು. ಅದನ್ನು ಬೆಳೆಸಿದರೆ ಬಾಯಿಯ ರೋಗಾಣು ಬೆಳೆಯುತ್ತದೆ, ಶ್ವಾಸಕೋಶದ್ದಲ್ಲ. ಹಾಗಾಗಿ ನಾವು ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಕೆನ್ನೆಯ ಒಳಪದರದ ಚಪ್ಪಟೆ ಕೋಶಗಳು ತುಂಬಾ ಇದ್ದರೆ ಅದು ಉಗುಳು, ವಾಪಸ್. ಬಿಳಿ ರಕ್ತಕಣಗಳು ಗುಂಪಾಗಿ ಇದ್ದರೆ ಅದು ಎದೆಯ ಕಫ.

ತೆಗೆಯುವ ರೀತಿ ಹೇಳುತ್ತೇನೆ. ಲ್ಯಾಬಿನಿಂದ ಅಗಲ ಬಾಯಿಯ, ತಿರುಗಿಸಿ ಮುಚ್ಚುವ ಕ್ರಿಮಿಶುದ್ಧ ಡಬ್ಬಿ ತಂದಿಟ್ಟುಕೊಳ್ಳಿ. ಮನೆಯ ಉಪ್ಪಿನಕಾಯಿ ಭರಣಿ, ಟಾನಿಕ್ ಬಾಟಲಿ ಎಷ್ಟು ತೊಳೆದರೂ ಬೇಡ. ಬೆಳಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು, ಬರೀ ನೀರಿನಲ್ಲಿ ಎರಡು ಮೂರು ಸಲ ಬಾಯಿ ಮುಕ್ಕಳಿಸಲಿ. ಪೇಸ್ಟ್, ಬಾಯಿ ತೊಳೆಯುವ ಔಷಧಿ ಬೇಡ. ಆಮೇಲೆ ಬಾಗಿಲ ಹೊರಗೆ, ಗಾಳಿ ಆಡುವ ಜಗಲಿಯಲ್ಲಿ ಕೂತು ಮೂರು ನಾಲ್ಕು ಸಲ ಆಳವಾಗಿ ಉಸಿರು ಎಳೆದು, ಹೊಟ್ಟೆಯಿಂದ ಕೆಮ್ಮಲಿ. ಒಂದು ಚಮಚದಷ್ಟು ಸಾಕು. ಮುಚ್ಚಳ ಬಿಗಿ ಮಾಡಿ, ಹೆಸರು, ಗಂಟೆ ಬರೆದು ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಪೆರ್ಲದಿಂದ ಬದಿಯಡ್ಕ ದಾರಿಯಾಗಿ ಕಾಸರಗೋಡಿಗೆ ಅಷ್ಟರಲ್ಲಿ ತಲುಪುತ್ತದೆ. ತಡವಾಗುವ ಹಾಗಿದ್ದರೆ ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಕೊಂಡುಹೋಗಿ. ಬಸ್ಸಿನ ಕಿಟಕಿ ಬಿಸಿಲಿಗೆ ಇಡಬೇಡಿ.

ಎರಡು ಡಬ್ಬಿ ಕೊಡಿ. ಒಂದು ಸಾಮಾನ್ಯ ಕಲ್ಚರ್‌ಗೆ. ಇನ್ನೊಂದು ಟಿ.ಬಿ. ಪರೀಕ್ಷೆಗೆ. ಹಿಂದೆ ಒಮ್ಮೆ ಟಿ.ಬಿ. ಆದವರಲ್ಲಿ ಅದನ್ನು ಬಿಟ್ಟು ಮುಂದೆ ಹೋಗಬಾರದು. ಸರಕಾರಿ ಆಸ್ಪತ್ರೆಯಲ್ಲಿ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಉಚಿತ. ಯಂತ್ರ ಸುಮಾರು ಎರಡು ಗಂಟೆಯಲ್ಲಿ ಉತ್ತರ ಕೊಡುತ್ತದೆ.

ಕಲ್ಚರ್‌ಗೆ ಮಾತ್ರ ಎರಡು ಮೂರು ದಿನ ಬೇಕು. ರಕ್ತ ಬೆರೆಸಿದ ಪ್ಲೇಟ್, ಆ ರಕ್ತವನ್ನೇ ಕಾಯಿಸಿ ಮಾಡಿದ ಕಂದು ಬಣ್ಣದ ಚಾಕೊಲೇಟ್ ಪ್ಲೇಟ್, ಇನ್ನೊಂದು ಕೆಲವು ಜಾತಿಯ ರೋಗಾಣು ಮಾತ್ರ ಬೆಳೆಯುವ ಮಕಾಂಕಿ ಪ್ಲೇಟ್. ಮೂರರ ಮೇಲೂ ಕಫ ಗೀಚಿ 37 ಡಿಗ್ರಿಯಲ್ಲಿ ಇಡುತ್ತೇವೆ. ಬೆಳೆದದ್ದರ ಮೇಲೆ ಔಷಧಿಯ ಸಣ್ಣ ಬಿಲ್ಲೆಗಳನ್ನು ಇಟ್ಟರೆ, ಕೆಲಸ ಮಾಡುವ ಔಷಧಿಯ ಸುತ್ತ ಬಟ್ಟ ಬಯಲಾಗುತ್ತದೆ. ಆ ಬಯಲಿನ ಅಗಲ ಅಳೆದು ರಿಪೋರ್ಟ್ ಬರೆಯುವುದು. ನಿಮ್ಮ ಅಮ್ಮನಿಗೆಂದು ತಂದ ಮೂರು ಔಷಧಿಯನ್ನೂ ಯಾರೂ ಹಾಗೆ ಅಳೆದು ನೋಡಿಲ್ಲ. ನನಗೆ ಬೇಜಾರಾಗುವುದು ಅಲ್ಲಿ.

ಚೀಟಿ ಇಲ್ಲದೆ ಆ್ಯಂಟಿಬಯೊಟಿಕ್ ಮಾರುವುದನ್ನು ತಡೆಯಲು ಕೇರಳದಲ್ಲಿ 2024ರ ಜನವರಿಯಲ್ಲಿ ಆಪರೇಷನ್ ಅಮೃತ್ ಎಂದು ತಪಾಸಣೆ ಶುರು ಮಾಡಿದ್ದಾರೆ. ಅಣ್ಣನಿಗೆ ಇದನ್ನು ಸಮಾಧಾನದಲ್ಲಿ ಹೇಳಿ. ಬೈಯಬೇಡಿ.

*

ಉಪ್ಪಳದ ರಿಕ್ಷಾದವ:

ಅಕ್ಕಾ, ನನಗೆ ಸಿ.ಒ.ಪಿ.ಡಿ., ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ಕಾಯಿಲೆ. ಇಪ್ಪತ್ತೈದು ವರ್ಷ ಬೀಡಿ ಎಳೆದೆ, ಬಿಟ್ಟು ಆರು ವರ್ಷ ಆಯಿತು. ನಿಮ್ಮ ಅಮ್ಮನದು ಬೇರೆ ಕಾಯಿಲೆ ಅಂತ ಗೊತ್ತು, ಆದರೂ ಈ ಹಸಿರು ಕಫದ ವಿಷಯದಲ್ಲಿ ನಾನು ಅನುಭವಿಸಿದ್ದು ಒಂದಿದೆ.

ಎರಡು ವರ್ಷದ ಹಿಂದೆ ನಾನೂ ಹೀಗೆಯೇ ತಿಂಗಳು ತಿಂಗಳು ಮಲಗುತ್ತಿದ್ದೆ. ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಅಕ್ಕ ಕೇಳಿದರು, ನಿಮ್ಮ ನೆಬ್ಯುಲೈಸರ್ (ಮದ್ದನ್ನು ಹಬೆಯ ಹಾಗೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಹೇಗೆ ತೊಳೆಯುತ್ತೀರಿ ಅಂತ. ನಾನು ಸತ್ಯ ಹೇಳಿದೆ. ಗುಡ್ಡಕ್ಕೆ ಕೊರೆದ ಸುರಂಗದಿಂದ ಬರುವ ನೀರಿನಲ್ಲಿ ಒಮ್ಮೆ ಅಲ್ಲಾಡಿಸಿ, ಹಾಗೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದೆ. ಸುರಂಗದ ನೀರು ಕನ್ನಡಿಯ ಹಾಗೆ ಇರುತ್ತದೆ, ಅದರಲ್ಲಿ ಏನಿರುತ್ತದೆ ಅಂತ ನನ್ನ ಲೆಕ್ಕ. ಅವರು ಮದ್ದು ಹಾಕುವ ಕಪ್ಪನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗಡೆ ಜಾರುವ ಲೋಳೆ. ಒದ್ದೆ ಇರುವ ಕಡೆಯಲ್ಲೆಲ್ಲ ಬದುಕುವ ರೋಗಾಣು ಇದೆ, ಹೊಗೆಯ ಹಾಗೆ ಅದನ್ನೇ ಎದೆಗೆ ಎಳೆದುಕೊಳ್ಳುತ್ತಿದ್ದೀರಿ ಅಂದರು. ನನ್ನ ಕೈ ನಡುಗಿತು.

ಈಗ ಪ್ರತಿ ಸಲ ಆದ ಮೇಲೆ ಕಪ್ಪು, ಮಾಸ್ಕ್ ಬಿಡಿಸಿ ಸೋಪಿನ ಬಿಸಿನೀರಿನಲ್ಲಿ ತೊಳೆಯುತ್ತೇನೆ. ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸುತ್ತೇನೆ. ನೀರು ಕೊಡವಿ ಶುದ್ಧ ಬಟ್ಟೆಯ ಮೇಲೆ ಪೂರ್ತಿ ಒಣಗಲು ಬಿಡುತ್ತೇನೆ. ಕಂಪೆನಿಯ ಕಾಗದದಲ್ಲಿ ಕುದಿಸಬಹುದು ಅಂತ ಇದ್ದರೆ ವಾರಕ್ಕೊಮ್ಮೆ ಐದು ನಿಮಿಷ ಕುದಿಸಿ. ಮಳೆಗಾಲದಲ್ಲಿ ಒಣಗುವುದೇ ಕಷ್ಟ ಅಲ್ವಾ, ನಾನು ಎರಡು ಸೆಟ್ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು. ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಶ್ವಾಸ್ ಕ್ಲಿನಿಕ್ ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ದಮ್ಮು, ಸಿ.ಒ.ಪಿ.ಡಿ. ಇದ್ದವರಿಗಾಗಿಯೇ ಸರಕಾರ ಮಾಡಿದ್ದು. ನನಗೆ ಇನ್ಹೇಲರ್ ಸರಿಯಾಗಿ ಎಳೆಯಲು ಕಲಿಸಿದ್ದು ಅಲ್ಲಿಯೇ. ಅಲ್ಲಿಯವರೆಗೆ ಮದ್ದಿನ ಅರ್ಧ ನಾಲಗೆಯ ಮೇಲೆಯೇ ಉಳಿಯುತ್ತಿತ್ತು.

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಕಫಕ್ಕೆ ನಾಚಿಕೆ ಪಟ್ಟುಕೊಂಡು ರಿಕ್ಷಾ ನಿಲ್ಲಿಸಿ ಮರದ ಹಿಂದೆ ಹೋಗುತ್ತಿದ್ದವ ನಾನು. ಅವರ ಕಷ್ಟ ನನಗೆ ಗೊತ್ತಾಗುತ್ತದೆ.

*

ಪೆರ್ಲದ ಟೀಚರ್:

ಇಬ್ಬರಿಗೂ ಎಷ್ಟು ಹೇಳಿದರೂ ಸಾಲದು. ಸ್ಟ್ರಿಪ್ ಕೊಡಲಿಲ್ಲ. ಅಣ್ಣನಿಗೆ ನೀವು ಬರೆದದ್ದನ್ನೇ ಓದಿ ಹೇಳಿದೆ, ಸುಮ್ಮನೆ ಕೇಳಿದ. ಮರುದಿನ ಮೊದಲ ಬಸ್ಸಿಗೆ ಡಬ್ಬಿ ಹಿಡಿದು ಅವನೇ ಹೋದ.

ಮೊದಲ ಸ್ಯಾಂಪಲ್ ವಾಪಸ್ ಬಂತು. ಉಗುಳು ಎಂದರು. ಅಮ್ಮನನ್ನು ಕೇಳಿದರೆ, ನೀನು ನೋಡುತ್ತಾ ನಿಂತಿದ್ದೆಯಲ್ಲ, ಅದಕ್ಕೆ ಕೆಮ್ಮು ಬರಲಿಲ್ಲ ಎಂದರು. ಆ ಮಾತು ನನಗೆ ಚುಚ್ಚಿತು. ಎರಡನೇ ದಿನ ಡಬ್ಬಿ ಕೈಗೆ ಕೊಟ್ಟು ನಾನು ತೋಟಕ್ಕೆ ಇಳಿದೆ. ಬರುವಾಗ ಡಬ್ಬಿ ಜಗಲಿಯಲ್ಲಿತ್ತು, ಮೇಲೊಂದು ಬಾಳೆ ಎಲೆ ಮುಚ್ಚಿದ್ದರು. ಈ ಸಲ ಲ್ಯಾಬಿನವರು ತೆಗೆದುಕೊಂಡರು. ಟಿ.ಬಿ. ಡಬ್ಬಿಯನ್ನೂ ಕೊಟ್ಟಿದ್ದೇವೆ. ಕಾಸರಗೋಡಿನಲ್ಲಿ ಡಾಕ್ಟರನ್ನೂ ಕಂಡೆವು. ಅಮ್ಮ ತೀರಾ ಸುಸ್ತಾಗಿಲ್ಲ, ರಿಪೋರ್ಟಿಗೆ ಎರಡು ದಿನ ಕಾಯಬಹುದು, ಜಾಸ್ತಿಯಾದರೆ ಕೂಡಲೇ ಬನ್ನಿ ಎಂದಿದ್ದಾರೆ.

ನೆಬ್ಯುಲೈಸರ್ ನಮ್ಮಲ್ಲೂ ಒಂದಿದೆ. ಈ ಮಾತು ಓದಿದ ಕೂಡಲೇ ಹೋಗಿ ನೋಡಿದೆ. ಹೆಚ್ಚು ಬರೆಯುವುದಿಲ್ಲ. ಹೊಸ ಕಪ್ಪು ತಂದಿದ್ದೇವೆ.

*

ನೀರ್ಚಾಲು ಊರಿನವನು, ಎದೆರೋಗ ವಿಭಾಗದಲ್ಲಿ ಕೆಲಸ:

ಟೀಚರ್, ಅಮ್ಮನನ್ನು ನೋಡದೆ ಮದ್ದು ಹೇಳುವುದು ಸರಿಯಲ್ಲ, ಹೇಳುವುದೂ ಇಲ್ಲ. ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ನೀವು ಕೇಳಿದ್ದು ಒಳ್ಳೇ ಪ್ರಶ್ನೆಗಳು, ಅವಕ್ಕೆ ಉತ್ತರ ಕೊಡುತ್ತೇನೆ.

ನಿಮ್ಮದು ಅಡಿಕೆ ತೋಟ ಅಂದುಕೊಳ್ಳುತ್ತೇನೆ. ತೋಟದಲ್ಲಿ ನೀರು ಹರಿಯುವ ಕಣಿಯಲ್ಲಿ ಸೋಗೆ ಬಿದ್ದು ಮಣ್ಣು ಕುಸಿದರೆ ಏನಾಗುತ್ತದೆ? ನೀರು ಹರಿಯುವುದಿಲ್ಲ, ನಿಲ್ಲುತ್ತದೆ, ಕೊಳೆಯುತ್ತದೆ. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಧೂಳು, ರೋಗಾಣು ಅಂಟಿದ ಲೋಳೆಯನ್ನು ಅವು ಹಗಲೂ ರಾತ್ರಿ ಮೇಲಕ್ಕೆ ಗುಡಿಸುತ್ತಿರುತ್ತವೆ. ಟಿ.ಬಿ. ಗಾಯ ಮಾಡಿದ ಜಾಗದಲ್ಲಿ ಆ ಗುಡಿಸುವ ಕೆಲಸ ನಿಂತುಹೋಗಿದೆ. ಲೋಳೆ ನಿಂತಲ್ಲಿ ರೋಗಾಣು ಬೆಳೆಯುತ್ತದೆ. ಅದರ ವಿರುದ್ಧ ಹೋರಾಡಲು ಬಂದ ಬಿಳಿ ರಕ್ತಕಣಗಳು ಬಿಟ್ಟ ವಸ್ತುಗಳೇ ನಳಿಗೆಯ ಗೋಡೆಯನ್ನು ಇನ್ನಷ್ಟು ತಿನ್ನುತ್ತವೆ. ಗೋಡೆ ಇನ್ನಷ್ಟು ಸಡಿಲ, ಲೋಳೆ ಇನ್ನಷ್ಟು ಜಾಸ್ತಿ. ಹಸಿರು ಬಣ್ಣ ಬರುವುದೂ ಮುಖ್ಯವಾಗಿ ಆ ಬಿಳಿ ರಕ್ತಕಣಗಳ ಒಳಗಿನ ಹಸಿರು ಕಿಣ್ವದಿಂದ. ಒಳಗೆ ಜಗಳ ಜೋರಾಗಿದೆ ಎಂದು ಬಣ್ಣ ಹೇಳುತ್ತದೆ, ಎದುರಾಳಿ ಯಾರೆಂದು ಹೇಳುವುದಿಲ್ಲ. ಅದಕ್ಕೇ ಕಲ್ಚರ್ ಬೇಕು.

ನಮ್ಮ ದೇಶದಲ್ಲಿ ನಿಮ್ಮ ಅಮ್ಮನಂಥವರು ತುಂಬಾ ಮಂದಿ ಇದ್ದಾರೆ. 2019ರಲ್ಲಿ ಪ್ರಕಟವಾದ ಭಾರತದ ಬ್ರಾಂಕಿಯೆಕ್ಟಾಸಿಸ್ ನೋಂದಣಿಯಲ್ಲಿ 2,195 ರೋಗಿಗಳಿದ್ದರು. ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಮಂದಿಗೆ ಹಿಂದಿನ ಟಿ.ಬಿ.ಯೇ ಕಾರಣವಾಗಿತ್ತು.

ಒಂದೇ ರೋಗಾಣುವಾ ಎಂದು ಕೇಳಿದಿರಿ. ಇಂಥ ಶ್ವಾಸಕೋಶದಲ್ಲಿ ನಾವು ಮತ್ತೆ ಮತ್ತೆ ಕಾಣುವ ಕೆಲವು ಇವೆ. ಹೀಮೋಫಿಲಸ್ ಇನ್‌ಫ್ಲುಯೆಂಜೆ ಒಂದು. ಹೆಸರು ಕೇಳಿ ಫ್ಲೂ ಎಂದುಕೊಳ್ಳಬೇಡಿ. 1892ರಲ್ಲಿ ಫ್ಲೂಗೆ ಇದೇ ಕಾರಣ ಎಂದು ತಪ್ಪು ತಿಳಿದು ಇಟ್ಟ ಹೆಸರು ಹಾಗೇ ಉಳಿಯಿತು. ನ್ಯುಮೊಕಾಕಸ್, ಮೊರಾಕ್ಸೆಲ್ಲಾ ಇವೆ. ನಮ್ಮಲ್ಲಿ ಕ್ಲೆಬ್ಸಿಯೆಲ್ಲಾ ಕೂಡ ಸಿಗುತ್ತದೆ. ನನಗೆ ಜಾಸ್ತಿ ಚಿಂತೆಯಾಗುವುದು ಸೂಡೊಮೊನಾಸ್ ಬಂದರೆ. ಉಪ್ಪಳದ ಅಣ್ಣ ಹೇಳಿದ, ಒದ್ದೆಯಲ್ಲಿ ಬದುಕುವ ಜಾತಿ ಅದು. ಆಟಿ ತಿಂಗಳಲ್ಲಿ ಅಂಗಳದ ಕಲ್ಲಿನ ಮೇಲೆ ಪಾಚಿ ಕಟ್ಟುವ ಹಾಗೆ ನಳಿಗೆಯ ಗೋಡೆಗೆ ಒಂದು ಲೋಳೆ ಪದರ ಕಟ್ಟಿ ಅದರೊಳಗೆ ಕೂರುತ್ತದೆ. ಔಷಧಿ ಮೇಲಿನವುಗಳನ್ನು ಕೊಲ್ಲುತ್ತದೆ, ಒಳಗಿನವು ಉಳಿಯುತ್ತವೆ. ವಾರ ಎರಡು ವಾರ ಚೆನ್ನಾಗಿದ್ದು ಮತ್ತೆ ಶುರುವಾಗುವುದು ಹೀಗೆಯೇ.

ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸೂಡೊಮೊನಾಸನ್ನು ಕೊಲ್ಲುವುದಿಲ್ಲ. ಮೂರು ದಿನದ ಅಜಿತ್ರೊಮೈಸಿನ್ ಕೂಡ ಕೊಲ್ಲುವುದಿಲ್ಲ. ಅದೇ ಇದ್ದಿದ್ದರೆ ಎರಡೂ ಸಲದ ಮದ್ದು ವ್ಯರ್ಥ. ಲೀವೋಫ್ಲಾಕ್ಸಾಸಿನ್‌ನಲ್ಲಿ ಬೇರೆ ತೊಂದರೆ ಇದೆ. ಅದು ಟಿ.ಬಿ. ರೋಗಾಣುವಿನ ಮೇಲೂ ಕೆಲಸ ಮಾಡುತ್ತದೆ. ಒಳಗೆ ಟಿ.ಬಿ. ಮತ್ತೆ ಶುರುವಾಗಿದ್ದರೆ, ಐದು ದಿನ ಕೊಟ್ಟಾಗ ಸ್ವಲ್ಪ ವಾಸಿಯಾದಂತೆ ಕಾಣುತ್ತದೆ, ಪತ್ತೆಯಾಗುವುದು ತಡವಾಗುತ್ತದೆ. ಟಿ.ಬಿ. ಅಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ಅದನ್ನು ಕೊಡಲು ನಾನು ಹಿಂಜರಿಯುವುದು ಅದಕ್ಕೇ. ಅರುವತ್ತು ದಾಟಿದವರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ನೋಯುವ, ಅಪರೂಪಕ್ಕೆ ಹರಿಯುವ ಭಯವೂ ಇದೆ. ಸ್ಟೀರಾಯ್ಡ್ ಮಾತ್ರೆ ಜೊತೆಗಿದ್ದರೆ ಇನ್ನೂ ಜಾಸ್ತಿ. ಇದು ಕೆಟ್ಟ ಔಷಧಿ ಅಲ್ಲ. ಪಕ್ಕದ ಮನೆಯ ಚೀಟಿಯಲ್ಲಿ ತರುವ ಔಷಧಿ ಅಲ್ಲ, ಅಷ್ಟೇ.

ಅಜಿತ್ರೊಮೈಸಿನ್ ವರ್ಷಗಟ್ಟಲೆ ಕೊಡುವ ಮಾತು ಸುಳ್ಳಲ್ಲ. ವರ್ಷಕ್ಕೆ ಮೂರು ಅಥವಾ ಜಾಸ್ತಿ ಸಲ ಹೀಗೆ ಮಲಗುವವರಿಗೆ, ವಾರಕ್ಕೆ ಮೂರು ದಿನದಂತೆ ತಿಂಗಳುಗಟ್ಟಲೆ ಕೊಡುತ್ತೇವೆ. ಅದು ಊತವನ್ನೂ ತಗ್ಗಿಸುವುದರಿಂದ ಸೋಂಕು ಬರುವ ಸಲಗಳು ಕಡಿಮೆಯಾಗುತ್ತವೆ. ಬರುವುದೇ ಇಲ್ಲ ಎಂದಲ್ಲ. ಕೊಡುವ ಮೊದಲು ಇ.ಸಿ.ಜಿ. ನೋಡಬೇಕು, ಹೃದಯದ ಬಡಿತ ತಪ್ಪಿಸಬಹುದು. ಕಿವಿ ಕೇಳುವುದು ಹೇಗಿದೆ ನೋಡಬೇಕು. ಎಲ್ಲಕ್ಕಿಂತ ಮೊದಲು, ಟಿ.ಬಿ.ಯ ದಾಯಾದಿಗಳಾದ ಬೇರೆ ಮೈಕೋಬ್ಯಾಕ್ಟೀರಿಯಾ ಕಫದಲ್ಲಿ ಇಲ್ಲವೆಂದು ನೋಡಬೇಕು. ಅವು ಇದ್ದಾಗ ಇದೊಂದನ್ನೇ ಕೊಟ್ಟರೆ ಅವು ಈ ಔಷಧಿಗೆ ಬಗ್ಗದ ಹಾಗೆ ಆಗುತ್ತವೆ. ಆಮೇಲೆ ಚಿಕಿತ್ಸೆ ಬಹಳ ಕಷ್ಟ. ಇಲ್ಲಿಯೂ ಬಾಗಿಲು ಕಫದ ಡಬ್ಬಿಯೇ.

ಮತ್ತೆ, ಔಷಧಿಗಿಂತ ಮೊದಲು ಕಣಿ ಬಿಡಿಸುವ ಕೆಲಸ. ದಿನವೂ, ಚೆನ್ನಾಗಿರುವ ದಿನವೂ. ಎಡ ಕೆಳಭಾಗ ಅಂದಿರಿ. ಹಾಗಾದರೆ ಬಲಮಗ್ಗುಲಿಗೆ ಮಲಗಿದರೆ ಎಡಭಾಗದ ಕಫ ನಡುವಿನ ದೊಡ್ಡ ನಳಿಗೆಗೆ ಇಳಿಯುತ್ತದೆ. ಹತ್ತು ಹದಿನೈದು ನಿಮಿಷ ಹಾಗೆ ಮಲಗಿ ನಿಧಾನಕ್ಕೆ ಆಳವಾಗಿ ಉಸಿರಾಡಿ, ಆಮೇಲೆ ಬಾಯಿ ತೆರೆದು ಕನ್ನಡಿಗೆ ಹಬೆ ಹಿಡಿಸುವ ಹಾಗೆ ‘ಹಾ’ ಎಂದು ಜೋರಾಗಿ ಉಸಿರು ಬಿಡಬೇಕು. ಕೆಮ್ಮಿ ಕೆಮ್ಮಿ ಸುಸ್ತಾಗುವುದಕ್ಕಿಂತ ಇದರಲ್ಲಿ ಕಫ ಸುಲಭವಾಗಿ ಬರುತ್ತದೆ. ಊಟವಾದ ಕೂಡಲೇ ಬೇಡ. ಒಂದು ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಕೂತು ಕಲಿತುಕೊಳ್ಳಲಿ. ಫ್ಲೂ ಲಸಿಕೆ ಪ್ರತಿ ವರ್ಷ, ನ್ಯುಮೊಕಾಕಸ್ ಲಸಿಕೆಯ ವಿಷಯವನ್ನೂ ಕೇಳಿ.

*

ಕುಂಬಳೆಯಿಂದ, ಲ್ಯಾಬಿನಲ್ಲಿದ್ದವನು:

ಡಾಕ್ಟ್ರು ಹೇಳಿದ ಸೂಡೊಮೊನಾಸ್ ಪ್ಲೇಟಿನ ಮೇಲೆ ಹಸಿರು ಬಿಡುತ್ತದೆ, ಹಣ್ಣಾದ ದ್ರಾಕ್ಷಿಯ ಹಾಗೆ ವಾಸನೆ. ಹಿಂದೆ ಮುಚ್ಚಳ ಎತ್ತುವಾಗಲೇ ಗೊತ್ತಾಗುತ್ತಿತ್ತು. ಈಗಿನ ಮಕ್ಕಳಿಗೆ ಮೂಸಬಾರದು ಎಂದು ಕಲಿಸುತ್ತಾರೆ, ಅದೇ ಸರಿ. ಟೀಚರೇ, ರಿಪೋರ್ಟ್ ಬಂದಾಗ ಇಲ್ಲಿ ಬರೆಯಿರಿ. ಕಾಯುತ್ತಿದ್ದೇನೆ.

*

ಪೆರ್ಲದ ಟೀಚರ್:

ಬರೆಯಲು ತಡವಾಯಿತು, ಕ್ಷಮಿಸಿ. ಇವತ್ತಿಗೆ ಆಟಿ ಮುಗಿದು ಸೋಣ ತಿಂಗಳು ಶುರುವಾಗಿ ಐದು ದಿನ.

ಟಿ.ಬಿ. ಇಲ್ಲ. ಆ ಕಾಗದ ಕೈಗೆ ಬಂದಾಗ ಅಮ್ಮ ನಾಲ್ಕು ಸಲ ಕೇಳಿದರು, ಸರಿಯಾಗಿ ಓದಿದ್ದೀಯಲ್ಲ ಎಂದು. ಕಲ್ಚರ್‌ನಲ್ಲಿ ಬೆಳೆದದ್ದು ಸೂಡೊಮೊನಾಸ್. ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗುತ್ತದೆ ಎಂದು ರಿಪೋರ್ಟಿನಲ್ಲಿತ್ತು, ಅದು ಲೀವೋಫ್ಲಾಕ್ಸಾಸಿನ್ ಜಾತಿಯದೇ, ಸೂಡೊಮೊನಾಸ್‌ಗೆ ಮಾತ್ರೆ ರೂಪದಲ್ಲಿ ಇರುವ ದಾರಿ ಆ ಜಾತಿಯ ಔಷಧಿಯೊಂದೇ ಎಂದು ಡಾಕ್ಟರ್ ಹೇಳಿದರು. ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆಯಲ್ಲಿ ಮಲಗಿ ಇಂಜೆಕ್ಷನ್ನೇ ಆಗಬೇಕಿತ್ತಂತೆ. 14 ದಿನ ಕೊಟ್ಟರು. ಇ.ಸಿ.ಜಿ. ಮಾಡಿಸಿದರು. ಹಿಮ್ಮಡಿ ನೋವು ಬಂದರೆ ನಿಲ್ಲಿಸಿ ಫೋನ್ ಮಾಡಿ ಎಂದರು. ಅಮ್ಮ ರಾತ್ರಿ ತೆಗೆದುಕೊಳ್ಳುವ ಕ್ಯಾಲ್ಸಿಯಂ ಮಾತ್ರೆ ಇದೆಯಲ್ಲ, ಅದರ ಜೊತೆಗೆ ತೆಗೆದುಕೊಂಡರೆ ಈ ಔಷಧಿ ಮೈಗೆ ಸರಿಯಾಗಿ ಹಿಡಿಯುವುದಿಲ್ಲವಂತೆ. ನಾನು ಕೇಳದಿದ್ದರೆ ಎರಡನ್ನೂ ಒಟ್ಟಿಗೇ ನುಂಗುತ್ತಿದ್ದರು. 14 ದಿನ ಮುಗಿಯುವವರೆಗೆ ಕ್ಯಾಲ್ಸಿಯಂ ಡಬ್ಬಿಯನ್ನು ನಾನು ಕಪಾಟಿನಲ್ಲಿ ಇಟ್ಟುಬಿಟ್ಟೆ.

3 ಪರ್ಸೆಂಟ್ ಉಪ್ಪುನೀರಿನ ನೆಬ್ಯುಲೈಸೇಷನ್ ಕೂಡ ಹೇಳಿದ್ದಾರೆ. ಮೊದಲ ಸಲ ಅವರೆದುರೇ ಮಾಡಿಸಿದರು, ಕೆಲವರಿಗೆ ಎದೆ ಬಿಗಿಯುತ್ತದಂತೆ. ಅಮ್ಮನಿಗೆ ಆಗಲಿಲ್ಲ.

ಈ ಸಲ ಕವರಿನ ಮೇಲೆ ಏನು ಬರೆದಿದ್ದರೂ ನಾನು ನಂಬಲಿಲ್ಲ. ಕಳೆದ ವರ್ಷದ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದೆ. ಬೆಳಗ್ಗೆ ಮೊದಲು ಇನ್ಹೇಲರ್, ಆಮೇಲೆ ಉಪ್ಪುನೀರು, ಬಲಮಗ್ಗುಲಿಗೆ ಹದಿನೈದು ನಿಮಿಷ, ‘ಹಾ’ ಮೂರು ಸಲ, ಕಫ, ಬಾಯಿ ತೊಳೆಯುವುದು, ಕಪ್ಪು ತೊಳೆಯುವುದು. ಅಮ್ಮ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದುತ್ತಾರೆ. ಶ್ವಾಸ್ ಕ್ಲಿನಿಕ್ಕಿನ ಆಶಾ ಕಾರ್ಯಕರ್ತೆ ಅದರ ಫೋಟೋ ತೆಗೆದುಕೊಂಡರು, ನಮ್ಮ ಕಡೆ ಇನ್ನೂ ನಾಲ್ಕು ಮನೆಗೆ ಬೇಕಂತೆ. ಯಾರಿಗಾದರೂ ಬೇಕಿದ್ದರೆ ಇಲ್ಲಿಯೂ ಹಾಕುತ್ತೇನೆ. ಡಾಕ್ಟರೇ, ತಪ್ಪಿದ್ದರೆ ತಿದ್ದಿಕೊಡಿ.

ಬಚ್ಚಲ ಒಲೆಗೆ ಈಗ ಅಣ್ಣನೇ ಬೆಂಕಿ ಹಾಕುತ್ತಾನೆ. ಅಮ್ಮ ಹೊಗೆಯ ಹತ್ತಿರ ಹೋಗುವುದಿಲ್ಲ.

ಕಫಕ್ಕೆಂದು ಮುಚ್ಚಳವಿರುವ ಒಂದು ಪಾರದರ್ಶಕ ಡಬ್ಬಿ ತಂದೆ. ಹೊರಗೆ ಪೆನ್ನಿನಲ್ಲಿ ಗೆರೆ ಹಾಕಿದ್ದೇನೆ, ಎಷ್ಟು ಬಂತು ಎಂದು ನೋಡಲು. ಮೊದಲ ವಾರ ಅಮ್ಮ ಅದನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡೇ ಓಡಾಡಿದರು. ಉಪ್ಪಳದ ಅಣ್ಣ ಬರೆದದ್ದನ್ನು ಒಂದು ದಿನ ಓದಿ ಹೇಳಿದೆ, ಮರದ ಹಿಂದೆ ಹೋಗುತ್ತಿದ್ದ ಮಾತು. ಅಮ್ಮ ತುಂಬಾ ಹೊತ್ತು ಏನೂ ಹೇಳಲಿಲ್ಲ. ಪಾಪ, ಗಂಡಸರಿಗೂ ಹಾಗಾಗುತ್ತದಾ ಎಂದರು.

ಮೊನ್ನೆ ಶಾಲೆಗೆ ಹೊರಟಿದ್ದೆ, ಜಗಲಿಯಿಂದ ಕರೆದರು. ಡಬ್ಬಿಯನ್ನು ಬೆಳಕಿಗೆ ಹಿಡಿದಿದ್ದರು. “ನೋಡು, ಬಿಳಿಯಾಗಿದೆ ಅಲ್ವಾ?” ಬಿಳಿಯಾಗಿತ್ತು. ಎರಡನೇ ಗೆರೆಯಿಂದ ಕೆಳಗೆ ಇತ್ತು.

ಮದ್ದು ಮುಗಿದು ಎರಡು ವಾರವಾಯಿತು. ಸೂಡೊಮೊನಾಸ್ ಹೋಗಿದೆಯಾ ಎಂದು ನೋಡಲು ಮತ್ತೆ ಕಲ್ಚರ್‌ಗೆ ಕೊಡಬೇಕು. ಬೇರೆ ಮೈಕೋಬ್ಯಾಕ್ಟೀರಿಯಾ ಪರೀಕ್ಷೆಗೂ ಈ ಸಲವೇ ಕೊಡುತ್ತೇವೆ. ಅಜಿತ್ರೊಮೈಸಿನ್ ಮಾತು ಅದು ಬಂದ ಮೇಲೆ. ಡಬ್ಬಿ ತಂದಿಟ್ಟಾಗಿದೆ. ಸೋಮವಾರ ಮೊದಲ ಬಸ್ಸಿಗೆ ಅಣ್ಣ ಹೋಗುತ್ತಾನೆ.